ಗೆದ್ದದ್ದು ಅಲ್ಲಿ, ಗದ್ದಲ ಇಲ್ಲಿ

ನಮ್ಮ ಕಡೆ ಮದುವೆಯಾಗಿ ಬಂದ ಹೆಂಗಸರಿಗೆ ತವರೂರೇ ಹೆಸರು. ಬೇಲಿಯಾಚೆ ಮನೆಯ ತೀರ್ಥಹಳ್ಳಿ ಅಕ್ಕ ಸಾಗರಕ್ಕೆ ಬಂದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ್ದಾಯಿತು, ಆದರೂ ತೀರ್ಥಹಳ್ಳಿ ಅವರನ್ನು ಬಿಟ್ಟಿಲ್ಲ. ಅವರೂ ಅದನ್ನು ಬಿಟ್ಟುಕೊಟ್ಟಿಲ್ಲ. ಎದುರು ಮನೆಗೆ ಅಳಿಯನಾಗಿ ಬಂದು ಅಲ್ಲೇ ನೆಲೆನಿಂತ ಹೊಸನಗರದ ಭಾವನದೂ ಅದೇ ಪಾಡು. ಗಂಡಸಿಗೆ ಊರಿನ ಹೆಸರು ಅಂಟಬೇಕಾದರೆ ಮಾವನ ಮನೆ ಸೇರಬೇಕು. ಹಾಗಾಗಿ ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ನಮ್ಮ ದಣಪೆಯ ಹತ್ತಿರ ಮೂರು ತಾಲೂಕು ಸೇರುತ್ತವೆ. ನಾನು ಹುಟ್ಟಾ ಸಾಗರದವನು. ನನಗೆ ಪ್ರತ್ಯೇಕ ಹೆಸರಿಲ್ಲ.

ಚೌತಿ ಕಳೆದು ಮಳೆ ಸ್ವಲ್ಪ ಹೊಳವಾಗಿತ್ತು. ನಮ್ಮೂರ ಕಾಲೇಜಿನ ಕಬಡ್ಡಿ ಹುಡುಗರು ಹಿಂದಿನ ದಿನ ತೀರ್ಥಹಳ್ಳಿಗೆ ಹೋಗಿ ಈ ವರ್ಷದ ಮೊದಲ ಆಟವನ್ನೇ ಗೆದ್ದು ಬಂದಿದ್ದರು. ತಂಡದಲ್ಲಿ ನಮ್ಮ ಅಣ್ಣನ ಮಗನೂ ಇದ್ದಾನೆ, ಎಡಗಡೆ ಕಾರ್ನರ್. ಇಂಥ ಸುದ್ದಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಹಾಲಿನ ಪಾತ್ರೆ ಹಿಡಿದು ಸುಮ್ಮನೆ ನಿಲ್ಲುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ.

"ಅಕ್ಕಾ, ನಿಮ್ಮೂರಿನ ಸುದ್ದಿ ಕೇಳಿದ್ರಾ?"

"ಕೇಳಿದೆ. ತಮ್ಮ ಫೋನ್ ಮಾಡಿದ್ದ." ದಾಸವಾಳ ಕೊಯ್ಯುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ಮ್ಯಾಟ್ ಒದ್ದೆಯಾಗಿತ್ತಂತೆ. ಅಂಪೈರ್ ಯಾವ ಕಡೆಯವನೋ ಏನೋ. ನಮ್ಮ ಹುಡುಗರು ಕೊನೆಗೆ ಬಿಟ್ಟುಕೊಟ್ಟರಂತೆ, ಪಾಪ, ಅಷ್ಟು ದೂರದಿಂದ ಬಂದಿದ್ದಾರೆ ಅಂತ."

ಅಲ್ಲಿಂದ ಶುರುವಾಯಿತು.

ಪರ ಊರಿನಲ್ಲಿ ಗೆಲ್ಲುವುದರ ದೊಡ್ಡ ಕಷ್ಟ ಇದೇ. ನಮ್ಮೂರ ಮೈದಾನದಲ್ಲಿ ಗೆದ್ದರೆ ನೋಡಿದವರು ಊರು ತುಂಬ ಇರುತ್ತಾರೆ, ಅಂಗಡಿಯವನಿಂದ ಹಿಡಿದು ಆಟೋದವನವರೆಗೆ ಎಲ್ಲರೂ ಸಾಕ್ಷಿ. ಹೊರಗೆ ಗೆದ್ದರೆ ಕಂಡವರೆಲ್ಲ ಸೋತವರ ಕಡೆಯವರು. ನಮ್ಮ ಕಡೆಯ ಸಾಕ್ಷಿ ಅಂದರೆ ಆಡಿದ ಹುಡುಗರು, ಕೂತೇ ಹೋಗಿ ಕೂತೇ ಬಂದ ಬದಲಿ ಆಟಗಾರರು, ಮತ್ತೆ ಪಿ.ಟಿ. ಮಾಸ್ತರು. ಆ ಮಾಸ್ತರು ಮಾತೇ ಆಡುವುದಿಲ್ಲ, ಸೀಟಿ ಮಾತ್ರ ಊದುತ್ತಾರೆ. ಹುಡುಗರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಬಸ್ಸು ಕೋಣಂದೂರು ದಾಟುವಾಗ ಒಂದು ಪಾಯಿಂಟಿನಲ್ಲಿ ಗೆದ್ದವರು ರಿಪ್ಪನ್‌ಪೇಟೆಯಲ್ಲಿ ಚಾ ಕುಡಿಯುವಾಗ ನಾಲ್ಕರಲ್ಲಿ ಗೆದ್ದಿದ್ದರು. ಆನಂದಪುರಕ್ಕೆ ಬಂದಾಗ ಎದುರಾಳಿಯನ್ನು ಪೂರ್ತಿ ಖಾಲಿ ಮಾಡಿ ಲೋನಾ ಕೊಟ್ಟಾಗಿತ್ತು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಏನಾಗಿತ್ತೋ, ನಾನು ಕೇಳಲಿಲ್ಲ.

"ವೀಡಿಯೋ ಇಲ್ವಾ? ಈಗಿನ ಹುಡುಗರು ಅನ್ನ ಉಣ್ಣೋದನ್ನೂ ವೀಡಿಯೋ ಮಾಡ್ತಾರೆ" ಎಂದರು ಭಾವ. ಹಾಲಿನವನು ಹೋಗಿ ಎಷ್ಟೋ ಹೊತ್ತಾಗಿತ್ತು, ಅವರು ಮಾತ್ರ ಅಲ್ಲೇ ಇದ್ದರು.

ಇತ್ತು. ಅದನ್ನು ನಾನು ರಾತ್ರಿಯೇ ನೋಡಿದ್ದೆ. ಕೊನೆಯ ನಿಮಿಷ, ನಮ್ಮ ಕಡೆ ಉಳಿದವರು ಮೂವರೇ, ಒಂದು ಪಾಯಿಂಟ್ ಹಿಂದೆ. ಅವರ ರೈಡರ್ ಒಳಗೆ ಬರುತ್ತಾನೆ. ಮೂವರು ಅಥವಾ ಅದಕ್ಕಿಂತ ಕಮ್ಮಿ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ನಮ್ಮ ಹುಡುಗ ಮಂಡಿಯೂರಿ ಅವನ ಹಿಮ್ಮಡಿಗೆ ಕೈ ಹಾಕುತ್ತಾನೆ. ಸರಿಯಾಗಿ ಆ ಕ್ಷಣಕ್ಕೆ ವೀಡಿಯೋ ಮಾಡುತ್ತಿದ್ದ ಮಹಾರಾಯ ಕೂಗುತ್ತ ಹಾರಿದ್ದಾನೆ. ಆಮೇಲೆ ಕಾಣುವುದು ಶಾಮಿಯಾನದ ಬಟ್ಟೆ, ಯಾರದೋ ಚಪ್ಪಲಿ, ಮತ್ತೆ ಶಾಮಿಯಾನ. ಕೇಳುವುದು ಸೀಟಿ. ಗೆದ್ದದ್ದು ನಿಜ, ಕಾಣುವುದಿಲ್ಲ, ಅಷ್ಟೇ.

ಅಕ್ಕ ಮೊಬೈಲನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ನೋಡಿದರು. "ಶಾಮಿಯಾನ ಚೆನ್ನಾಗಿದೆ. ನಮ್ಮೂರದ್ದು."

ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. "ನಿಮ್ಮೂರಿಗೆ ಬಂದು ಗೆಲ್ಲೋದು ನಮಗೇನು ಹೊಸದಲ್ಲ ತಮ್ಮಾ" ಎಂದು ಹೂವಿನ ಬುಟ್ಟಿಯನ್ನು ಬೇಲಿಗೂಟಕ್ಕೆ ಸಿಕ್ಕಿಸಿದರು. "1952ರಲ್ಲಿ ಏನಾಯ್ತು ಹೇಳು ನೋಡುವ. ಮೊದಲನೇ ಚುನಾವಣೆ. ಶಾಂತವೇರಿ ಗೋಪಾಲಗೌಡರು ಎಲ್ಲಿಯವರು? ಆರಗದವರು, ನಮ್ಮ ತೀರ್ಥಹಳ್ಳಿ ತಾಲೂಕು. ಗೆದ್ದದ್ದೆಲ್ಲಿ? ಸಾಗರ–ಹೊಸನಗರ ಕ್ಷೇತ್ರದಲ್ಲಿ. ಪರ ಊರು, ಅದೂ ಮೊದಲನೇ ಆಟ."

ಇದಕ್ಕೆ ಉತ್ತರವಿಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ಸಾಗರ ತಾಲೂಕಿನಲ್ಲೇ. ಗೇಣಿದಾರರ ಆ ಹೋರಾಟದಲ್ಲಿ ಗೋಪಾಲಗೌಡರು ನಮ್ಮವರೇ ಆಗಿಬಿಟ್ಟಿದ್ದರು, ಹಾಗಾಗಿ ಅದು ಪರ ಊರಿನ ಗೆಲುವು ಹೇಗಾಗುತ್ತದೆ ಎಂದು ವಾದಿಸಿ ನೋಡಿದೆ. ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ಹುಡುಗ ಊರೂರು ಅಲೆದು ಗೆದ್ದದ್ದು ನಿಮ್ಮ ಕಬಡ್ಡಿ ಅಲ್ಲ ಎಂದರು ಅಕ್ಕ. ಮುಂದೆ 1962ರಲ್ಲೂ 1967ರಲ್ಲೂ ಅವರು ತೀರ್ಥಹಳ್ಳಿಯಿಂದಲೇ ಗೆದ್ದದ್ದನ್ನೂ ಲೆಕ್ಕಕ್ಕೆ ಸೇರಿಸಿದರು. ಒಳಗೂ ಗೆಲುವು, ಹೊರಗೂ ಗೆಲುವು.

ಹೊಸನಗರದ ಭಾವ ಮೀಸೆಯಲ್ಲೇ ನಗುತ್ತಿದ್ದರು. ಎರಡು ಊರಿನ ನಡುವಿನವರಿಗೆ ಇದೊಂದು ಸುಖ. ಸಾಗರ ಗೆದ್ದರೂ ಅವರಿಗೆ ನಷ್ಟವಿಲ್ಲ, ತೀರ್ಥಹಳ್ಳಿ ಗೆದ್ದರೂ ಇಲ್ಲ. ತಮ್ಮದೇ ತಂಡ ಯಾಕೆ ಆಡಲಿಲ್ಲ ಎಂದು ಯಾರೂ ಕೇಳದಿದ್ದರೆ ಸಾಕು. ಆದರೂ ಸುಮ್ಮನಿರಲಾರರು.

"ನೀವಿಬ್ಬರೂ ಮರೆತಿದ್ದೀರಿ. ಕೆಳದಿ ಅರಸರು ಮೊದಲು ಎಲ್ಲಿದ್ರು? ಕೆಳದಿ, ಇಕ್ಕೇರಿ, ಎರಡೂ ಸಾಗರದ್ದು. ಅಲ್ಲಿ ಸಾಕಾಗಿ ಬಂದದ್ದೆಲ್ಲಿಗೆ? ಬಿದನೂರಿಗೆ, ನಮ್ಮ ನಗರಕ್ಕೆ. ರಾಜಧಾನೀನೇ ಹೊಸನಗರದ ಕಡೆ ಬಂತು ಅಂದ ಮೇಲೆ..."

"ಬಂದದ್ದೇನೋ ಸರಿ. 1763ರಲ್ಲಿ ಹೈದರಾಲಿ ಬಂದಾಗ ಉಳಿಸಿಕೊಳ್ಳೋಕೆ ಆಯ್ತಾ?" ಎಂದರು ಅಕ್ಕ. "ಕಷ್ಟ ಬಂದಾಗ ನೆನಪಾಗ್ತಿದ್ದದ್ದು ಕವಲೇದುರ್ಗ. ಅದು ಯಾವ ತಾಲೂಕು?"

ತೀರ್ಥಹಳ್ಳಿ. ನೋಡಿ, ಒಂದು ಕಬಡ್ಡಿ ಆಟ ಹೋಗಿ ಎಲ್ಲಿಗೆ ಮುಟ್ಟಿತು. ಈ ಮೂರು ತಾಲೂಕಿನವರಿಗೆ ಚರಿತ್ರೆ ಗೊತ್ತಿರುವುದೇ ಪಕ್ಕದ ತಾಲೂಕಿನವರ ಬಾಯಿ ಮುಚ್ಚಿಸಲಿಕ್ಕೆ. ಇನ್ನು ಸ್ವಲ್ಪ ಬಿಟ್ಟರೆ ಅಕ್ಕ ಕುಪ್ಪಳಿಯಿಂದ ಹೊರಟು ಮೇಳಿಗೆಗೆ ಬರುತ್ತಾರೆ, ಕುವೆಂಪು, ಅನಂತಮೂರ್ತಿ ಇಬ್ಬರನ್ನೂ ಕಣಕ್ಕೆ ಇಳಿಸುತ್ತಾರೆ. ನಾನು ಹೆಗ್ಗೋಡಿನ ಸುಬ್ಬಣ್ಣನವರನ್ನು ಕರೆಯಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಪರ ಊರಿನಲ್ಲಿ ಗೆಲ್ಲುವುದನ್ನೇ ಕಸುಬು ಮಾಡಿಕೊಂಡದ್ದು ನಮ್ಮ ನೀನಾಸಂ ತಿರುಗಾಟವೇ. 1985ರಿಂದ ಹೆಗ್ಗೋಡಿನಲ್ಲಿ ನಾಟಕ ಕಟ್ಟಿ, ರಂಗಸಜ್ಜಿಕೆಯನ್ನೆಲ್ಲ ಹೇರಿಕೊಂಡು ಊರೂರು ಹೊರಟುಬಿಡುತ್ತಾರೆ. ಯಕ್ಷಗಾನ ಮೇಳದವರದ್ದಂತೂ ಅದಕ್ಕಿಂತ ಹಳೆಯ ದಾರಿ. ಪರ ಊರಿನವರು ಬೆಳಗಿನ ಜಾವದವರೆಗೆ ಎದ್ದು ಹೋಗದೆ ಕೂತರೆ ಅವರಿಗೆ ಅದೇ ಗೆಲುವು. ಆದರೆ ಈ ವಾದವನ್ನು ಆ ಹೊತ್ತಿಗೆ ಹೊರಗೆ ತೆಗೆಯಲಿಲ್ಲ. ಒಂದೇ ಬೆಳಿಗ್ಗೆ ಎಲ್ಲ ಖರ್ಚು ಮಾಡಬಾರದು.

ಭಾವ ತಮ್ಮ ಕಾಲದ ಕಥೆಗೆ ಇಳಿದರು. ಅವರು ಸಾಗರದ ಕಾಲೇಜಿನಲ್ಲಿ ಓದುವಾಗ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ. ಅದು ಬಂದದ್ದು 1987ರಲ್ಲಿ. ಅದಕ್ಕೆ ಮೊದಲು ಶಿವಮೊಗ್ಗ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಈಗಿನ ಹುಡುಗರು ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೋಗಿ ಸಂಜೆಗೆ ಮನೆಗೆ ಬರುತ್ತಾರೆ. ಆಗ ದೊಡ್ಡ ಆಟಕ್ಕೆ ಮೈಸೂರಿಗೇ ಹೋಗಬೇಕು. ತಾಳಗುಪ್ಪದಿಂದ ಬರುವ ಮೀಟರ್ ಗೇಜ್ ರೈಲು ಹತ್ತಿ, ಶಿವಮೊಗ್ಗದಲ್ಲಿ ಇಳಿದು, ಅಲ್ಲಿಂದ ಮುಂದೆ. ವಾಲಿಬಾಲ್ ತಂಡದಲ್ಲಿದ್ದೆ ಎನ್ನುತ್ತಾರೆ. ಗೆದ್ದಿರಾ ಎಂದು ಕೇಳಿದರೆ ಮೈಸೂರಿನ ಮಸಾಲೆದೋಸೆಯ ವಿಚಾರ ಹೇಳುತ್ತಾರೆ.

"ಅದೆಲ್ಲ ಬಿಡಿ, ಫುಟ್ಬಾಲ್ ಯಾಕೆ ಆಡಲಿಲ್ಲ ನಮ್ಮ ಕಡೆ?" ಎಂದು ನಾನೇ ಮಾತು ತಿರುಗಿಸಿದೆ.

ಯಾಕೆ ಅಂದರೆ, ಎಲ್ಲಿ ಆಡುವುದು? ಆಗುಂಬೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿದರೂ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಹೊಸನಗರದ ಘಟ್ಟದಂಚೂ ಕಮ್ಮಿಯಿಲ್ಲ. ಜೂನಿನಿಂದ ಮೈದಾನಗಳೆಲ್ಲ ಗದ್ದೆ. ಕಾಲೇಜು ತೆರೆಯುವುದೂ ಆಗಲೇ. ಮಳೆ ಬಿಡುವಷ್ಟರಲ್ಲಿ ಪರೀಕ್ಷೆ, ಪರೀಕ್ಷೆ ಮುಗಿಯುವಷ್ಟರಲ್ಲಿ ಅಡಿಕೆ ಕೊನೆಕೊಯ್ಲು, ಮನೆಗೆ ಬಾ ಎಂದು ಅಪ್ಪನ ಫೋನು. ಚಪ್ಪಟೆಯಾದ ಅಷ್ಟು ದೊಡ್ಡ ಜಾಗ ಸಿಕ್ಕಿದರೆ ನಮ್ಮವರು ಅಲ್ಲಿ ಸಸಿ ನೆಡುತ್ತಾರೆಯೇ ಹೊರತು ಗೋಲು ಕಂಬ ನೆಡುವುದಿಲ್ಲ. ಕಬಡ್ಡಿಗೆ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ ಸಾಕು. ಮಳೆ ಬಂದರೆ ಸಭಾಭವನದ ಒಳಗೂ ಮ್ಯಾಟ್ ಹಾಸಬಹುದು. ಹಾಗಾಗಿ ಕಬಡ್ಡಿ ಗೆದ್ದಿತು, ವಾಲಿಬಾಲ್ ಎರಡನೆಯದು.

ಫುಟ್ಬಾಲ್ ಎಂದದ್ದೇ ತಡ, ಅಕ್ಕನಿಗೆ ಮಗನ ನೆನಪಾಯಿತು. ಅವನಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ. ಪ್ರತಿ ವರ್ಷ ನಮ್ಮ ಚೌತಿಯ ಆಸುಪಾಸಿಗೆ ಅಲ್ಲಿ ಕಾಲೇಜು ಫುಟ್ಬಾಲ್ ಶುರು. ಅವನ ಆಫೀಸಿನವರಿಗೆ ವಾರವಿಡೀ ಬೇರೆ ಮಾತಿಲ್ಲವಂತೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಅದು ಎಂಥ ಫುಟ್ಬಾಲ್ ಎಂದು ಅಕ್ಕನಿಗೆ ತಿಳಿದಿರಲಿಲ್ಲ. ಮಗ ಕಬಡ್ಡಿಯ ಭಾಷೆಯಲ್ಲಿ ಬಿಡಿಸಿ ಹೇಳಿದನಂತೆ: ಹನ್ನೊಂದು ಜನರ ಎರಡು ತಂಡ. ನಮ್ಮ ರೈಡರ್ ಗೆರೆ ಮುಟ್ಟಲು ಒದ್ದಾಡುವ ಹಾಗೆ ಚೆಂಡು ಹಿಡಿದವನೂ ಎದುರಾಳಿಯ ಕೊನೆಯ ಗೆರೆ ದಾಟಬೇಕು, ಉಳಿದವರು ಹಿಡಿದು ಕೆಡವಬೇಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಗೆರೆ ದಾಟಿದರೆ ಆರು ಪಾಯಿಂಟ್. ಆಗದಿದ್ದರೆ ದೂರದಿಂದ ಚೆಂಡನ್ನು ಒದ್ದು ಎರಡು ಕಂಬದ ನಡುವೆ ಹಾಯಿಸಿದರೆ ಮೂರು. ಇಷ್ಟು ಗೊತ್ತಾದ ಮೇಲೆ ಅಕ್ಕ ರಾತ್ರಿ ಎದ್ದು ಫೋನಿನಲ್ಲಿ ಸ್ಕೋರು ಕೇಳುವುದೂ ಉಂಟು.

ಆ ಶಾರ್ಲಟ್‌ನಿಂದ ಎರಡು ಗಂಟೆ ಘಟ್ಟ ಹತ್ತಿದರೆ ಬೂನ್ ಎಂಬ ಸಣ್ಣ ಊರು. ಗುಡ್ಡ, ಮಂಜು, ಕಾಡು. ಅಲ್ಲಿನ ಕಾಲೇಜಿನ ಹೆಸರು ಅಪಲಾಚಿಯನ್ ಸ್ಟೇಟ್. ಈ ಕಥೆಯನ್ನು ಅಕ್ಕ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಯಾಕೆಂದರೆ ಅದು ನಮ್ಮಂಥವರದೇ ಕಥೆ.

2007ರ ಸೆಪ್ಟೆಂಬರ್ 1. ವರ್ಷದ ಮೊದಲ ಆಟ. ಮಿಷಿಗನ್ ವಿಶ್ವವಿದ್ಯಾಲಯದವರು ಬೂನ್ ಹುಡುಗರನ್ನು ತಮ್ಮೂರಿಗೆ ಕರೆಸಿದರು. ಕರೆಸಿದ್ದು ಪ್ರೀತಿಗಲ್ಲ. ಅಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಮೊದಲ ಆಟವನ್ನು ಸುಲಭವಾಗಿ ಗೆದ್ದು ಕೈ ಚುರುಕು ಮಾಡಿಕೊಳ್ಳಲು ಕೆಳಗಿನ ದರ್ಜೆಯ ತಂಡವನ್ನು ದುಡ್ಡು ಕೊಟ್ಟು ಕರೆಸುವ ಪದ್ಧತಿ ಇದೆ. ಬೂನ್‌ನವರಿಗೆ ನಾಲ್ಕು ಲಕ್ಷ ಡಾಲರ್ ಸಿಕ್ಕಿತ್ತು.

"ಸೋಲೋದಕ್ಕೆ ಸಂಭಾವನೆ!" ಭಾವನಿಗೆ ಈ ಭಾಗ ಬಂದಾಗೆಲ್ಲ ಹೊಟ್ಟೆಯುರಿ. "ನಮಗೆ ಬಸ್ ಚಾರ್ಜು ಮತ್ತೆ ಒಂದು ಪೊಟ್ಟಣ ಚಿತ್ರಾನ್ನ ಕೊಡ್ತಿದ್ರು ಮಾರಾಯ್ರೆ."

ಮಿಷಿಗನ್ ಆಗ ದೇಶದಲ್ಲೇ ಐದನೇ ಸ್ಥಾನದಲ್ಲಿದ್ದ ತಂಡ. ಮೈದಾನದಲ್ಲಿ 1,09,218 ಜನ. 2011ರ ಜನಗಣತಿಯಲ್ಲಿ ನಮ್ಮ ಸಾಗರ ಪಟ್ಟಣದ್ದು 54 ಸಾವಿರದ ಆಸುಪಾಸು; ಅಂದರೆ ಎರಡು ಸಾಗರವನ್ನು ಮಕ್ಕಳುಮರಿ ಸಮೇತ ಎಬ್ಬಿಸಿಕೊಂಡು ಹೋಗಿ ಕೂರಿಸಬೇಕು. ಅಷ್ಟು ಜನ ಒಟ್ಟಿಗೆ ನಿಮ್ಮ ವಿರುದ್ಧ ಕೂಗುತ್ತಾರೆ ಎಂದು ಊಹಿಸಿಕೊಳ್ಳಿ. ತೀರ್ಥಹಳ್ಳಿಯಲ್ಲಿ ನಮ್ಮ ಹುಡುಗರಿಗೆ ಕೂಗಿದವರು ಒಂದಿನ್ನೂರು ಜನ ಇದ್ದಿರಬಹುದು, ಅದಕ್ಕೇ ನಮ್ಮವನ ಕಿವಿ ಇನ್ನೂ ಗುಂಯ್‌ಗುಡುತ್ತಿದೆಯಂತೆ.

ಅರ್ಧ ಆಟಕ್ಕೆ ಬೂನ್ ಹುಡುಗರು 28–17ರಿಂದ ಮುಂದಿದ್ದರು. ಆಮೇಲೆ ಮಿಷಿಗನ್‌ನವರು ಹಿಡಿದೆಳೆದು 32–31 ಮಾಡಿಕೊಂಡರು. ಇನ್ನು 26 ಸೆಕೆಂಡ್ ಉಳಿದಿದೆ ಎನ್ನುವಾಗ ಬೂನ್‌ನ ಜೂಲಿಯನ್ ರೌಷ್ ಕಂಬದ ನಡುವೆ ಚೆಂಡು ಒದ್ದು 34–32 ಮಾಡಿದ. ಮುಗಿಯಿತು ಅನ್ನುವ ಹಾಗಿಲ್ಲ. ಮಿಷಿಗನ್‌ನವರು ಒಂದೇ ಉದ್ದದ ಎಸೆತದಲ್ಲಿ 46 ಗಜ ಬಂದು ಕಂಬದ ಎದುರೇ ನಿಂತರು. ಒದ್ದು ಹಾಯಿಸಿದರೆ ಅವರದೇ ಗೆಲುವು. ಒದ್ದರು ಕೂಡ. ಕೋರಿ ಲಿಂಚ್ ಎಂಬವನು ಹಾರಿ ಬಂದು ಆ ಚೆಂಡಿಗೆ ಮೈಯೊಡ್ಡಿ ತಡೆದ. ಆ ಕೆಳದರ್ಜೆಯ ತಂಡವೊಂದು ಸ್ಥಾನಪಟ್ಟಿಯಲ್ಲಿರುವ ಮೇಲ್ದರ್ಜೆಯ ತಂಡವನ್ನು ಸೋಲಿಸಿದ್ದು ಅದೇ ಮೊದಲು.

"ಈಗ ಊರಿನ ಕಥೆ ಹೇಳಿ ಅಕ್ಕಾ" ಎಂದೆ. ನನಗೆ ಬೇಕಾದದ್ದು ಅದು.

ಗೆದ್ದವರು ಇರುವುದು ಮಿಷಿಗನ್‌ನಲ್ಲಿ. ಬೂನ್‌ನಲ್ಲಿ ಟಿ.ವಿ. ಮುಂದೆ ಕೂತ ವಿದ್ಯಾರ್ಥಿಗಳಿಗೆ ಮೈಮೇಲೆ ಬಂದ ಹಾಗಾಯಿತು. ಏನು ಮಾಡುವುದು? ಆಟ ಇಲ್ಲಿ ನಡೆದಿಲ್ಲ, ಎತ್ತಿ ಕುಣಿಸಲು ಆಟಗಾರರಿಲ್ಲ. ಗುಂಪು ಕಟ್ಟಿಕೊಂಡು ತಮ್ಮದೇ ಖಾಲಿ ಮೈದಾನಕ್ಕೆ ನುಗ್ಗಿ, ತಮ್ಮದೇ ಗೋಲು ಕಂಬವನ್ನು ಕಿತ್ತು, ಮೆರವಣಿಗೆಯಲ್ಲಿ ಹೊತ್ತುಕೊಂಡು ಹೋಗಿ ವಿಶ್ವವಿದ್ಯಾಲಯದ ಮುಖ್ಯಸ್ಥರ ಮನೆಯಂಗಳದಲ್ಲಿ ಹಾಕಿದರು!

"ಗೆದ್ದದ್ದು ಅಲ್ಲಿ, ಮುರಿದದ್ದು ಇಲ್ಲಿ" ಎಂದರು ಭಾವ. "ಸದ್ಯ, ನಿಮ್ಮ ಹುಡುಗರು ಕಾಲೇಜಿನ ಗೇಟು ಕಿತ್ತು ಪ್ರಿನ್ಸಿಪಾಲರ ಮನೆಗೆ ತರಲಿಲ್ಲ."

ನನಗೆ ಆ ಹುಡುಗರ ಕಷ್ಟ ಅರ್ಥವಾಗುತ್ತದೆ. ಕಾಣದ ಗೆಲುವನ್ನು ಊರಿಗೆ ತರಬೇಕು, ಯಾವುದಾದರೂ ಕೈಗೆ ಸಿಗುವ ವಸ್ತು ಬೇಕು. ಕಂಬ ಸಿಕ್ಕಿತು, ಕಿತ್ತರು. ನನಗೆ ಕೈಗೆ ಸಿಕ್ಕಿದ್ದು ಬೇಲಿ ಮತ್ತು ಅಕ್ಕ. ಕರ್ನಾಟಕದ ಫುಟ್ಬಾಲ್ ತಂಡಕ್ಕೂ ಹೀಗೇ ಆಯಿತಲ್ಲ. ಸಂತೋಷ್ ಟ್ರೋಫಿಯ ಸೆಮಿಫೈನಲ್ಲು, ಫೈನಲ್ಲನ್ನು ಮೊದಲ ಸಲ ದೇಶದ ಹೊರಗೆ ಒಯ್ದರು, ಸೌದಿ ಅರೇಬಿಯಾದ ರಿಯಾದ್‌ಗೆ. 2023ರ ಮಾರ್ಚ್ 4ರಂದು ನಮ್ಮವರು ಮೇಘಾಲಯವನ್ನು 3–2ರಿಂದ ಸೋಲಿಸಿದರು. ಅದಕ್ಕೆ ಹಿಂದೆ ಈ ಕಪ್ಪು ಬಂದದ್ದು 1968–69ರಲ್ಲಿ, ಆಗ ರಾಜ್ಯದ ಹೆಸರೇ ಮೈಸೂರು. ಅಷ್ಟು ವರ್ಷ ಕಾದು ಗೆದ್ದದ್ದನ್ನು ಸಾಗರ ಪೇಟೆಯಲ್ಲಿ ಯಾರಾದರೂ ಮಾತಾಡಿದ್ದು ನಿಮಗೆ ಕೇಳಿಸಿತೇ? ಮರಳುಗಾಡಿನಲ್ಲಿ ಗೆದ್ದರೆ ಮಲೆನಾಡಿಗೆ ಕೇಳುವುದಿಲ್ಲ.

"ಬೆಂಗಳೂರು ಬುಲ್ಸ್ ಇಲ್ವಾ?" ಎಂದರು ಭಾವ. ಪ್ರೊ ಕಬಡ್ಡಿ ಬಂದ ಮೇಲೆ ಅವರಿಗೆ ಸಂಜೆಯ ಜಪ ತಪ್ಪಿಹೋಗಿದೆ. "ಅವರು 2019ರ ಜನವರಿಯಲ್ಲಿ ಕಪ್ಪು ಗೆದ್ದದ್ದು ಮುಂಬೈಯಲ್ಲಿ. ಗುಜರಾತಿನವರ ಮೇಲೆ 38–33. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ತಮಾಷೆ ಏನು ಗೊತ್ತುಂಟಾ, ಆ ವರ್ಷ ಅವರ ತವರಿನ ಆಟಗಳೂ ನಡೆದದ್ದು ಪುಣೆಯಲ್ಲಿ. ಅದರ ಹಿಂದಿನ ವರ್ಷ ನಾಗಪುರದಲ್ಲಿ. ಬೆಂಗಳೂರಿನ ತಂಡಕ್ಕೆ ಬೆಂಗಳೂರಲ್ಲೇ ಜಾಗ ಇರಲಿಲ್ಲ."

"ತವರಿಲ್ಲದ ತಂಡ" ಎಂದು ಅಕ್ಕ ಲೊಚಗುಟ್ಟಿದರು. ತವರಿನ ವಿಷಯದಲ್ಲಿ ಅವರ ಮನಸ್ಸು ಬೇಗ ಕರಗುತ್ತದೆ. ಇದೇ ಹೊತ್ತು ಎಂದು ನಾನು ಕೇಳಿಯೇಬಿಟ್ಟೆ, ಹಾಗಾದರೆ ನಿಮ್ಮೂರು ಸೋತದ್ದನ್ನು ಒಪ್ಪಿಕೊಂಡ ಹಾಗೆಯೇ ಎಂದು.

"ಒಪ್ಪೋದೇನು ಬಂತು? ಮೊದಲನೇ ಆಟ ತಾನೇ. ಆ ಮಿಷಿಗನ್‌ನವರು ಏಳು ವರ್ಷ ಬಿಟ್ಟು, 2014ರಲ್ಲಿ, ಅದೇ ಬೂನ್ ಹುಡುಗರನ್ನು ಮತ್ತೆ ಕರೆಸಿ 52–14ರಲ್ಲಿ ಬಡಿದರು. ನಾವು ಅಷ್ಟು ವರ್ಷ ಕಾಯೋದಿಲ್ಲ. ಮುಂದಿನ ತಿಂಗಳು ನಮ್ಮ ಹುಡುಗರೇ ಸಾಗರಕ್ಕೆ ಬರ್ತಾರೆ."

ಇದು ನನಗೆ ಹೊಸ ಸುದ್ದಿ. ನಮ್ಮ ಹುಡುಗ ಗೆಲುವಿನ ಸಂಭ್ರಮದಲ್ಲಿ ಮರುಪಂದ್ಯದ ವಿಚಾರ ನುಂಗಿಕೊಂಡಿದ್ದ. ಈ ಸಲ ಆಟ ನಮ್ಮೂರಲ್ಲಿ, ಸಾಕ್ಷಿಗಳೆಲ್ಲ ನಮ್ಮವರೇ, ಶಾಮಿಯಾನವೂ ನಮ್ಮದೇ. ಹಾಗಂತ ಧೈರ್ಯ ಬರಲಿಲ್ಲ. ಊರಿನವರ ಎದುರೇ ಸೋತರೆ ಕೋಣಂದೂರಿನಲ್ಲಿ ಒಂದು, ರಿಪ್ಪನ್‌ಪೇಟೆಯಲ್ಲಿ ನಾಲ್ಕು ಎಂದು ಹಿಗ್ಗಿಸಲಿಕ್ಕೆ ದಾರಿಯೇ ಇರುವುದಿಲ್ಲ.

"ನಮ್ಮ ಆ ರೈಡರ್, ನೀವು ಹಿಡಿದಿರಿ ಅಂತೀರಲ್ಲ, ಅವನು ಯಾರು ಗೊತ್ತಾ?" ಅಕ್ಕ ಬುಟ್ಟಿ ಎತ್ತಿಕೊಂಡರು. "ನನ್ನ ತಮ್ಮನ ಮಗ. ಹಿಂದಿನ ದಿನವೇ ಬಂದು ಇಲ್ಲೇ ಉಳೀತಾನೆ. ಅತ್ತೆ ಕೈ ಕಡುಬು ಅಂದ್ರೆ ಪ್ರಾಣ. ನಿಮ್ಮ ಮನೆ ದೊಡ್ಡ ಕಡುಬಿನ ಅಟ್ಟ ಬೇಕಾಗ್ತದೆ ತಮ್ಮಾ, ನಮ್ಮದು ಸಾಲೋದಿಲ್ಲ."

"ಧಾರಾಳವಾಗಿ ತಗೊಂಡು ಹೋಗಿ. ಬೆಣ್ಣೆ ಬೇಕಾದ್ರೂ ಕೊಡ್ತೀನಿ. ಅವನಿಗೆ ಹತ್ತು ಕಡುಬು ಹಾಕಿ ಅಕ್ಕಾ, ಕಮ್ಮಿ ಮಾಡಬೇಡಿ" ಎಂದೆ.

"ಹತ್ತು ಅವನಿಗೆ ಬೆಳಿಗ್ಗೆ ಚಾ ಜೊತೆಗೆ" ಎಂದರು ಅಕ್ಕ. "ತಿಂಡಿ ಆಮೇಲೆ."